ಝೊಹ್ರಾ ಅತ್ತೆಯ ಟಿಕೆಟ್ಟಿನ ಹೆಸರು

ಮಾರ್ಚ್ ೧೪, ಟ್ಯಾಂಜಿಯರ್

ನಾಳೆ ಬೆಳಿಗ್ಗೆ ಸೋದರತ್ತೆ, ಮಾವ ತಮ್ಮ ಮಗಳ ಬಾಣಂತನಕ್ಕೆ ಮಾರ್ಸೇಲ್‌ಗೆ ಹೊರಡಬೇಕು. ಅಗ್ಗದ ವಿಮಾನದ ನಿಯಮವೆಲ್ಲ ಓದಿ, ಇಬ್ಬರಿಗೂ ಅಕ್ಕಪಕ್ಕದ ಸೀಟು ಹಿಡಿದು, ಚೆಕ್-ಇನ್ ಮುಗಿಸಿದವಳು ನಾನೇ. ಟಿಕೆಟ್ಟಿನಲ್ಲಿ ಅತ್ತೆಯ ಹೆಸರಿಗೆ ಮಾವನ ಮನೆತನದ ಹೆಸರು ಸೇರಿಸಿದ್ದೇನೆ, ನನ್ನ ಇಂಗ್ಲಿಷ್ ಅಮ್ಮ ಅಪ್ಪನ ಹೆಸರು ಇಟ್ಟುಕೊಂಡ ಹಾಗೆ.

ಊಟಕ್ಕೆ ಕೂತಾಗ ಮಾವ ಅತ್ತೆಯನ್ನು ಕೆಣಕಿದರು: “ನೀನು ನಮ್ಮನೆಯವಳು ಆಗ್ಲೇ ಇಲ್ಲ ಬಿಡು.”

“ಯಾಕಾಗ್ಲಿ? ಪಾಸ್‌ಪೋರ್ಟ್ ನೋಡ್ಕೊಳ್ಳಿ, ಸಾಯೋತನಕ ನಮ್ಮಪ್ಪನ ಹೆಸರೇ! ಅಲ್ವೇನೇ ಮಗಳೇ?” ಎಂದಳು ಅತ್ತೆ, ಕೊನೆಗೆ ನನ್ನ ಕಡೆ ತಿರುಗಿ.

ಹಾಗಾದರೆ ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿಗೆ ಹೊಂದುವುದೇ ಇಲ್ಲ! ಇಲ್ಲಿ ಯಾವ ಹೆಂಗಸು ಹೆಸರು ಬದಲಿಸುತ್ತಾಳೆ? ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಬೆಳೆದ ನನಗೆ ಹೊಳೆಯಲೇ ಇಲ್ಲ.

ಚೆಕ್-ಇನ್ ಆದ ಮೇಲೆ ಹೆಸರು ತಿದ್ದಲು ಬರುವುದಿಲ್ಲವಂತೆ. ನಾಳೆ ವಿಮಾನ ನಿಲ್ದಾಣದಲ್ಲಿ ಮಾವನನ್ನು ಒಳಗೆ ಬಿಟ್ಟು ಅತ್ತೆಯನ್ನಷ್ಟೇ ತಡೆದರೆ? ಈಗಲೇ ಹೇಳಬೇಕು. ಪಕ್ಕದ ಕೋಣೆಯಲ್ಲಿ ಅವಳು ಕೂಸಿನ ಟೋಪಿಗಳನ್ನು ಮಡಿಸುತ್ತಾ ಹಾಡುತ್ತಿದ್ದಾಳೆ. ಈ ಹಾಡೊಂದು ಮುಗಿಯಲಿ, ಆಮೇಲೆ ಹೋಗಿ ಹೇಳಿಬಿಡುತ್ತೇನೆ.