ನಮ್ಮ ಮನೆಯ ಸರದಿ

ಡ್ರಮ್‌ಕೀಲನ್, ಲೀಟ್ರಿಮ್
ಏಪ್ರಿಲ್ ೨೭, ೧೯೩೩

ಮುದ್ದು ಮಗಳು ಡಿಂಪ್ನಾಳಿಗೆ ಅವ್ವನ ಗಟ್ಟಿ ಗಂಟಲಿನ ಆಶೀರ್ವಾದ. ಲಿವರ್‌ಪೂಲಿನವರೆಗೂ ಕೇಳಿಸಿರಬೇಕು!

ಕೇಳು ಮಗಳೇ! ಎಷ್ಟೋ ವರ್ಷಗಳ ಮೇಲೆ, ಫಾದರ್ ಮನೆಗೇ ಬಂದು ಮಾಡುವ ಮನೆಪೂಜೆಯ ಸರದಿ ನಮಗೆ ಬಂತು. ನಮ್ಮ ಅಡುಗೆಮನೆಯ ಮೇಜೇ ಪೀಠ, ಊರೆಲ್ಲ ನಮ್ಮ ನೆಲದ ಮೇಲೆ ಮೊಣಕಾಲೂರುವ ದಿನ! ಗೋಡೆಗೆಲ್ಲ ಸುಣ್ಣವಾಯಿತು. ನಿನ್ನ ತಮ್ಮ ಫಿಂಟನ್ ಏಣಿಯ ಮೇಲೆ. ನಾನು ಕೆಳಗೆ ನಿಂತು ರಾಜ್ಯಭಾರ ಮಾಡಿದೆ.

ಅಷ್ಟರಲ್ಲಿ ಒಂದು ಭಾನುವಾರ ಫಾದರ್ ಟೂಹಿ ಪ್ರವಚನಪೀಠ ಗುದ್ದಿ ಗುಡುಗಿದರು: "ಈ ಊರಲ್ಲೊಬ್ಬ ಕಮ್ಯುನಿಸ್ಟ್ ಇದಾನೆ! ರಷ್ಯಾದಲ್ಲಿ ದೇವಾಲಯಕ್ಕೆ ಬೀಗ ಹಾಕಿದೋರ ಚೇಲಾ! ಅವನಿಗೆ ಯಾರೂ ಕೆಲಸ ಕೊಡಬೇಡಿ!" ಹೆಸರು ಹೇಳಲಿಲ್ಲ. ಇಡೀ ಸಭೆ ತಿರುಗಿ ನನ್ನ ಟೋಪಿ ನೋಡಿತು. ಫಿಂಟನ್ ಮಾಡಿದ್ದಾದರೂ ಏನು? ರಸ್ತೆಗೆ ಕಲ್ಲೊಡೆಯುವವರನ್ನು ಕೂಡಿಸಿ ಡಬ್ಲಿನ್ನಿನ ಪತ್ರಿಕೆ ಓದಿ ಹೇಳಿದ, ಕೂಲಿ ಹೆಚ್ಚಿಗೆ ಕೇಳಿ ಎಂದ. ಪ್ರವಚನದ ಮರುದಿನವೇ ಅವನ ಹಾಲಿನ ಡೈರಿಯ ಕೆಲಸ ಹೋಯಿತು.

ಹಿಂದೆಯೇ ಫಾದರ್ ಹೇಳಿಕಳಿಸಿದರು: ಮಗನನ್ನು ಮನೆಯಿಂದ ಹೊರಹಾಕಬೇಕು, ಇಲ್ಲದಿದ್ದರೆ ಪೂಜೆ ಪಕ್ಕದ ಮನೆಗೆ. ನಾನು ಶಾಲು ಹೊದ್ದು ಅವರ ಮನೆಗೇ ಹೋದೆ. "ಪೂಜೆ ತಗೊಂಡ್ಹೋಗಿ ಫಾದರ್, ಹುಡುಗ ನಮ್ಮನೇಲೇ ಇರ್ತಾನೆ" ಎಂದೆ. ಗೇಟು ದಾಟಿದ ಮೇಲೆ ಅತ್ತುಬಿಟ್ಟೆ, ಅದು ಬೇರೆ ಮಾತು.

ಆಗ ಶುರುವಾಯಿತು ನೋಡು ನಾಟಕ! ಪಕ್ಕದ ಮನೆಯ ಬಾರ್ಟ್ಲಿ, "ಅಯ್ಯೋ ಫಾದರ್, ನಮ್ಮ ಹೊಗೆಗೂಡು ಕಟ್ಕೊಂಡಿದೆ, ಸಂತರೆಲ್ಲ ಕಣ್ಣುಜ್ಕೋಬೇಕಾಗುತ್ತೆ" ಎಂದ. ವಿಧವೆ ಮೆಗೌರನ್, "ನಮ್ಮಡುಗೆಮನೇಲಿ ಕೋಳಿ ಕಾವಿಗೆ ಕೂತಿದೆ. ನನ್ನ ಬೇಕಾದ್ರೆ ಎಬ್ಬಿಸಿ, ಅದನ್ನ ಎಬ್ಬಿಸೋಕಾಗಲ್ಲ" ಎಂದಳಂತೆ. ಇವರಲ್ಲಿ ಒಬ್ಬರೂ ಫಿಂಟನ್ ಪರ ತುಟಿಬಿಚ್ಚಿದವರಲ್ಲ; ಕಮ್ಯುನಿಸ್ಟ್ ಎಂದರೆ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುವವರೇ. ಆದರೆ ಇನ್ನೊಬ್ಬರ ಸರದಿ ಕಸಿಯುವುದೇ? ಛೆ!

ಹಾಗಾಗಿ ಮೊನ್ನೆ ಫಾದರ್ ನಮ್ಮಲ್ಲಿಗೇ ಬರಬೇಕಾಯಿತು. ಒಲೆಯ ಪಕ್ಕ ಕೂತು ಒಬ್ಬೊಬ್ಬರ ಪಾಪನಿವೇದನೆ ಕೇಳಿದರು. ಫಿಂಟನ್ ಮುಂದೆ ಬಂದಾಗ ಎದ್ದುನಿಂತರು. "ಕಮ್ಯುನಿಸಂ ಬಿಟ್ಟೆ ಅಂತ ಎಲ್ಲರೆದುರು ಹೇಳಿಬಿಡಪ್ಪಾ. ಪ್ರಸಾದಾನೂ ಕೊಡ್ತೀನಿ, ಡೈರಿಯವರಿಗೂ ಹೇಳ್ತೀನಿ" ಎಂದರು. ಹೇಳಿಬಿಡು ಕಂದಾ ಎಂದು ಕಣ್ಣಲ್ಲೇ ಬೇಡಿದೆ.

"ದೇವರನ್ನ ನಾನು ಬಿಟ್ಟಿಲ್ಲ ಫಾದರ್. ಕಲ್ಲೊಡೆಯೋರನ್ನೂ ಬಿಡಲ್ಲ" ಎಂದ. ಮೆಲ್ಲಗೆ ಹೇಳಿದ, ನನ್ನ ಗಂಟಲು ಅವನಿಗೆ ಬಂದಿಲ್ಲ. ಆಮೇಲೆ ಅಂಗಳಕ್ಕೆ ಹೋಗಿ, ಕೆಸರಲ್ಲೇ ಮೊಣಕಾಲೂರಿ ಪೂಜೆ ಮುಗಿಯುವವರೆಗೂ ಇದ್ದ.

ಫಾದರ್ ನಾಲಗೆಯ ಮೇಲಿಡಲು ಪ್ರಸಾದ ಹಿಡಿದು ನನ್ನ ಮುಂದೆ ಬಂದರು. ಡಿಂಪ್ನಾ, ನಾನು ಬಾಯಿ ತೆರೆಯಲಿಲ್ಲ. ನನ್ನ ಮಗ ಕೆಸರಲ್ಲಿದ್ದ. ಅವರು ಒಂದು ಗಳಿಗೆ ಕಾದು ಮುಂದೆ ನಡೆದರು.

ಆದರೂ ಎರಡು ಮೊಟ್ಟೆ ಬೇಯಿಸಿ, ಒಳ್ಳೆಯ ಬೆಣ್ಣೆ ಇಟ್ಟು ಅವರಿಗೆ ಬಡಿಸಿದೆ. ಹಿಂದಿನ ರಾತ್ರಿಯಿಂದ ಉಪವಾಸವಿದ್ದರು, ಪಾಪ. ಅವರೂ ಯಾವುದೋ ತಾಯಿಯ ಮಗ.

ಇಲ್ಲಿ ಎಲ್ಲ ಕ್ಷೇಮ. ಫಿಂಟನ್‌ಗೆ ಊರಲ್ಲೇ ಏನಾದರೂ ಕೆಲಸ ಸಿಕ್ಕೇ ಸಿಗುತ್ತದೆ.

ಎಂದೆಂದೂ ನಿನ್ನವಳೇ ಆದ
ಅವ್ವ, ಹೊನೋರಾ

ಮರೆತ ಮಾತು: ಎಲ್ಲ ಕ್ಷೇಮ ಎಂದು ಬರೆದದ್ದು, ಫಿಂಟನ್ ಹೆಗಲ ಮೇಲಿಂದ ಇಣುಕುತ್ತಿದ್ದನೆಂದು. ಈಗ ಬೂಟು ಕಟ್ಟಲು ಹೋಗಿದ್ದಾನೆ. ಶನಿವಾರ ಪೇಟೆಯ ಹುಡುಗರು ಅವನನ್ನು ಹೊಡೆಯಲು ಬರುತ್ತಾರಂತೆ. ಬಾರ್ಟ್ಲಿ ಹಿತ್ತಲಿನಿಂದ ಬಂದು ಹೇಳಿ ಹೋದ. ಊರು ಬಿಡು ಎಂದರೆ ಫಿಂಟನ್ ಬಿಡುವವನಲ್ಲ. ಅದಕ್ಕೇ ನಿನಗೆ ಮೈಯಲ್ಲಿ ತೀರಾ ಹುಷಾರಿಲ್ಲ, ಒಂದು ವಾರ ನೋಡಿಕೊಂಡು ಬಾ ಎಂದು ಅವನಿಗೆ ಸುಳ್ಳು ಹೇಳಿ, ಈ ಪತ್ರ ಅಂಟಿಸಿ ಅವನ ಕೈಲೇ ಕೊಟ್ಟು ನಿನ್ನಲ್ಲಿಗೆ ಕಳಿಸುತ್ತಿದ್ದೇನೆ. ನೀನು ಇದನ್ನೋದುವಾಗ ಎದುರಿಗೇ ನಿಂತಿರುತ್ತಾನಲ್ಲ, ಬೇಗ ಮಲಗಿಕೋ. ಸ್ವಲ್ಪ ನರಳು. ವಾರಕ್ಕೆಲ್ಲ ಗುಣವಾಗಬೇಡ ಮಗಳೇ.