ಎರಡನೇ ಪುಟದ ನೀರಿನ ಅಂಕಿ

ಕಲ್ಲೂರಪೇಟೆ
ಫೆಬ್ರವರಿ ಮೂವತ್ತು, ೨೨೧೪

‘ನಾಡಗಂಟೆ’ ದಿನಪತ್ರಿಕೆಯ ಎರಡನೇ ಪುಟ ನೋಡಿಕೊಳ್ಳುವವರಿಗೆ,

ಹಂಪವ್ವ ಬರೆಯುವುದು. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನಾನು ಓದಿದ್ದು ಹತ್ತನೇ ಇಯತ್ತೆಯವರೆಗೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮವೂ ನನಗೆ ಎಷ್ಟೋ ತಿಳಿಯುವುದಿಲ್ಲ. ‘ವಧು-ವರರು ಬೇಕಾಗಿದ್ದಾರೆ’ ಎಂದು ಪುಟಗಟ್ಟಲೆ ಹಾಕುತ್ತೀರಲ್ಲ, ಒಂದೇ ಜಿಲ್ಲೆಯಲ್ಲಿ ಇಷ್ಟು ಜನ ಹೇಗೆ ಕಾಣೆಯಾಗಿದ್ದರು?

ನಿಮ್ಮ ಪತ್ರಿಕೆ ನೂರ ಅರವತ್ತಮೂರು ವರ್ಷ ನಡೆದು ನಿಂತಿತು. ಅದರ ಕಟ್ಟುಗಳನ್ನು ಆರು ತಲೆಮಾರಿನಿಂದ ನಮ್ಮ ಮನೆಯ ಹೆಂಗಸರು ಕಾದಿದ್ದೇವೆ. ಬೇವಿನ ಎಲೆ ಬದಲಿಸುತ್ತೇವೆ, ಪುಡಿಯಾಗುವ ಪುಟಗಳನ್ನು ದಂಟುಹಾಳೆಗೆ ಇಳಿಸುತ್ತೇವೆ. ಜೋಳದ ದಂಟಿನಿಂದ ಮಾಡುವ ಕಾಗದಕ್ಕೆ ಹಾಗೆನ್ನುತ್ತೇವೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಮೊದಲ ಸಂಚಿಕೆಯಿಂದ ಬಣ್ಣದ ಪುಟಗಳವರೆಗೆ ಎಲ್ಲವನ್ನೂ ನಾನು ಓದಿದ್ದೇನೆ. ಪ್ರೆಸ್ಸಿಗೆ ನೀರು ನುಗ್ಗಿದ ದಿನವೂ ನಿಮ್ಮವರು ಒಂದು ಹಾಳೆ ಹೊರತಂದಿದ್ದರು. ‘ಗಂಟೆ’ ಸುಳ್ಳು ಬಾರಿಸುವುದಿಲ್ಲ ಎಂದು ಬಂದವರಿಗೆಲ್ಲ ಎದೆಯೆತ್ತಿ ಹೇಳುತ್ತಿದ್ದೆ.

ನಮಗೆ ಬೇಕಾದದ್ದು ನಿಮ್ಮ ದೊಡ್ಡ ಸುದ್ದಿಗಳಲ್ಲ, ಎರಡನೇ ಪುಟದ ಮೂಲೆಯ ‘ಅಣೆಕಟ್ಟಿನ ನೀರಿನ ಮಟ್ಟ’. ನಿಮ್ಮ ಯಂತ್ರಗಳಲ್ಲಿದ್ದ ದಾಖಲೆಗಳೆಲ್ಲ ಅಳಿಸಿಹೋಗಿವೆ. ಊರುಗಳು ಕೂಡಿ ಕಾಲುವೆಯ ಪಾಳಿ ಹಂಚುವ ಸಭೆಗೆ ನಾವು ನೀರುಕಟ್ಟೆ ಎನ್ನುತ್ತೇವೆ. ಅಲ್ಲಿ ನಿಮ್ಮ ಅಂಕಿಯೇ ಸಾಕ್ಷಿ. ಕಟ್ಟೆಯ ನಿಯಮದಂತೆ, ಹಳೆಯ ಆಗಸ್ಟುಗಳಲ್ಲಿ ಮಟ್ಟ ಕಡಿಮೆ ಇದ್ದಷ್ಟೂ ಮೇಲ್ಭಾಗದ ನಮಗೆ ಹೆಚ್ಚು ದಿನ ನೀರು; ತುಂಬಿದ್ದಷ್ಟೂ ಕೊನೆ ಭಾಗದ ಮರಳಿಹಾಳಕ್ಕೆ.

ಹೋದ ತಿಂಗಳು ಪಾಳಿಯ ಲೆಕ್ಕಕ್ಕೆಂದು, ನೀವು ಈ ಪತ್ರ ಓದುವ ವರ್ಷದ ಆಗಸ್ಟ್ ಕಟ್ಟನ್ನು ಮತ್ತೆ ಬಿಚ್ಚಿದೆ. ಮೂರರಿಂದ ಹದಿಮೂರರವರೆಗೆ, ಹನ್ನೊಂದು ದಿನ, ಒಂದೇ ಮಟ್ಟ. ಅದೂ ಬಹಳ ಕಡಿಮೆ. ಆದರೆ ಏಳನೇ ತಾರೀಖಿನ ಮುಖಪುಟದ ಚಿತ್ರದಲ್ಲಿ ಗೇಟುಗಳೆಲ್ಲ ತೆರೆದಿವೆ, ಜನ ಮೆಕ್ಕೆತೆನೆ ತಿನ್ನುತ್ತಾ ನೀರು ನೋಡುತ್ತಿದ್ದಾರೆ! ಇದು ಹೇಗಾಯಿತು ಎಂದು ಎರಡು ದಿನ ಹುಡುಕಿದೆ. ಹದಿನೈದರ ನಾಲ್ಕನೇ ಪುಟದಲ್ಲಿ ಸಿಕ್ಕಿತು. ಅಣೆಕಟ್ಟಿನ ವರದಿಗಾರ ವಿರೂಪಣ್ಣ ಕಾಲು ಮುರಿದುಕೊಂಡಿದ್ದ, ವಿಚಾರಿಸಿದ ಓದುಗರಿಗೆ ವಂದನೆ ಹೇಳಿದ್ದ. ಅಂಕಿ ಕಳಿಸುವವನು ಹಾಸಿಗೆ ಹಿಡಿದಾಗ ನೀವು ಹಿಂದಿನ ದಿನದ ಪುಟ ತೆರೆದು, ತಾರೀಖು ತಿದ್ದಿ, ಅಂಕಿಯನ್ನು ಹಾಗೇ ಬಿಟ್ಟಿರಿ. ಹೌದಲ್ಲವೇ?

ಮೊಮ್ಮಗಳು ತುಂಗವ್ವ ಪಕ್ಕದಲ್ಲೇ ಇದ್ದಳು. “ಸುಮ್ನಿರು ಆಯಿ, ಯಾರು ನೋಡ್ಯಾರ?” ಅಂದಳು.

“ನಾ ನೋಡೀನಲ್ಲ!” ಎಂದು ಗದರಿದೆ. ಆದರೆ ಆ ರಾತ್ರಿ ನಾನೂ ಲೆಕ್ಕ ಹಾಕಿದೆ. ಹೇಳಿದರೆ ನಮ್ಮೂರಿನ ಪಾಳಿ ಕಡಿಮೆಯಾಗುತ್ತದೆ, ಜೊತೆಗೆ ಆರು ತಲೆಮಾರಿನ ಮಾತೂ ಬೀಳುತ್ತದೆ.

ಕೊನೆಗೆ ನೀರುಕಟ್ಟೆಯಲ್ಲಿ ನಿಂತು ಹೇಳಿದೆ. ಮರಳಿಹಾಳದ ಬಸಲಿಂಗ ಎದ್ದು, “ಅವ್ವಾರ, ಹನ್ನೊಂದು ದಿನ ನಿಮ್ಮ ಗಂಟಿ ನಾಲಿಗಿ ಎಲ್ಲಿ ಅಡವಿಟ್ಟಿತ್ರೀ?” ಎಂದ. ಸಭೆ ನಕ್ಕಿತು. “ನಗೋದಾದ್ಮ್ಯಾಲ ಪಾಳಿ ಬರ್ಕೋಪ್ಪಾ,” ಎಂದೆ. ನಮ್ಮೂರಿಗೆ ನಾಲ್ಕು ದಿನದ ನೀರು ಹೋಯಿತು. ಬಾವಿಕಟ್ಟೆಯಲ್ಲಿ ನನ್ನನ್ನು ಕಂಡರೆ ಈಗ ಕೆಲವರು ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಆದರೆ ಉಳಿದ ವರ್ಷಗಳನ್ನು ನಂಬುವುದು ಹೇಗೆ ಎಂದು ಕಟ್ಟೆ ಕೇಳಿತು. ಅದಕ್ಕೇ ಪ್ರತಿ ಕಟ್ಟನ್ನೂ ಮೊದಲಿನಿಂದ ತಾಳೆ ನೋಡುತ್ತಿದ್ದೇನೆ. ನನಗೀಗ ಎಪ್ಪತ್ತಾರು, ಎಷ್ಟು ಮುಗಿದೀತೋ.

ಹೋದ ನಾಲ್ಕು ದಿನವನ್ನು ನಾನು ನಿಮ್ಮಿಂದ ಕೇಳುವುದಿಲ್ಲ. ನಿಮಗೆ ಆಗಸ್ಟ್ ಇನ್ನೂ ಬರಬೇಕಿದೆ. ವಿರೂಪಣ್ಣ ಬೀಳುವುದನ್ನು ನೀವು ತಡೆಯಲಾರಿರಿ. ಅವನು ಮಲಗಿದಾಗ ಬೇರೆ ಯಾರನ್ನಾದರೂ ಕೇಳಿ ಅಂಕಿ ಹಾಕಿ. ಯಾರೂ ಸಿಗದಿದ್ದರೆ ‘ಇಂದು ತಿಳಿದಿಲ್ಲ’ ಎಂದು ಅಚ್ಚು ಹಾಕಿ. ತಿಳಿಯದ್ದನ್ನು ತಿಳಿದಿಲ್ಲ ಎಂದರೆ ಪತ್ರಿಕೆಯ ಮಾನ ಹೋಗುವುದಿಲ್ಲ. ಹಾಗೆ ಬರೆದಿರುವ ಒಂದು ಪುಟ ಸಿಕ್ಕರೂ ಉಳಿದವನ್ನು ನಂಬಿ ಎಂದು ನಾನು ಕಟ್ಟೆಯಲ್ಲಿ ಕೇಳಬಲ್ಲೆ.

ಆ ಪುಟಗಳು ಬದಲಾಗಿವೆಯೇ ನೋಡಲು ನಾಳೆ ಬೆಳಕಾದ ಮೇಲೆ ಆಗಸ್ಟ್ ಕಟ್ಟನ್ನು ಇನ್ನೊಮ್ಮೆ ಬಿಚ್ಚುತ್ತೇನೆ.

ಹಂಪವ್ವ