ತೊಳೆದ ಹಣೆ

ಛತ್ರಪತಿ ಸಂಭಾಜಿನಗರ
೨೦ ಆಗಸ್ಟ್ ೨೦೨೫

ಪ್ರೀತಿಯ ಮಗ ಶಿವಕಾಂತನಿಗೆ ಅವ್ವನ ಆಶೀರ್ವಾದಗಳು.

ಆರೋಗ್ಯ ಹೇಗಿದೆ? ನಾಸಿಕದ ಮಳೆಯಲ್ಲಿ ಕೆಮ್ಮು ಕಡಿಮೆಯಾಯಿತೇ? ಮೆಸ್ಸಿನ ಊಟ ಬಿಟ್ಟು ಬರೀ ವಡಾಪಾವ್ ತಿನ್ನುತ್ತಿರುತ್ತೀಯ, ನನಗೆ ಗೊತ್ತಿಲ್ಲವೇ? ಫೋನಿನಲ್ಲಿ ನಿಮ್ಮಪ್ಪನ ಮಾತು ತೆಗೆದರೆ ಸಾಕು, ಇಟ್ಟುಬಿಡುತ್ತೀಯ. ಅದಕ್ಕೇ ಈ ಪತ್ರ.

ಮೊನ್ನೆ ಶ್ರಾವಣ ಸೋಮವಾರ ನಾನೂ ನಿಮ್ಮಪ್ಪನೂ ಔಂಢಾ ನಾಗನಾಥನ ದರ್ಶನಕ್ಕೆ ಹೋಗಿದ್ದೆವು. ನಾಸಿಕಕ್ಕೆ ಹೋಗುವ ಮೊದಲು ನೀನು ಕೆಲಸ ಮಾಡುತ್ತಿದ್ದ ಗುರುತ್ವ ಅಲೆಗಳ ವೀಕ್ಷಣಾಲಯ ಅಲ್ಲಿಂದ ಹತ್ತಿರವೇ ಅಲ್ಲವೇ, ನಾನೇ ಹಟ ಹಿಡಿದು ಅವರನ್ನು ಕರೆದೊಯ್ದೆ. ಕಟ್ಟಡ ಇನ್ನೂ ಏಳುತ್ತಿದೆ. ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಭಾಲ್ಕಿಯ ಹುಡುಗ ವಿಶಾಲ, ಕನ್ನಡಿ ಪರೀಕ್ಷಿಸುವ ಕೋಣೆಯ ತನಕ ಬಂದ. ಆಕಾಶದಲ್ಲಿ ಎಲ್ಲೋ ಎರಡು ಸತ್ತ ನಕ್ಷತ್ರಗಳು ಡಿಕ್ಕಿ ಹೊಡೆದರೆ ಆ ನಡುಕ ಕೋಟಿಗಟ್ಟಲೆ ವರ್ಷ ನಡೆದು ಇಲ್ಲಿಗೆ ಬರುತ್ತದಂತೆ. ಅದನ್ನು ಹಿಡಿಯುವ ಕನ್ನಡಿಯ ಮೇಲೆ ಧೂಳಿನ ಕಣವೂ ಕೂರಬಾರದಂತೆ. ನನಗೆ ತಿಳಿದದ್ದು ಅಷ್ಟೇ. ಬಾಗಿಲಲ್ಲಿ ಅವನು ನಿಮ್ಮಪ್ಪನ ಹಣೆ ನೋಡಿ ಸಂಕೋಚಪಟ್ಟ. "ಕಾಕಾ, ವಿಭೂತಿನೂ ಪುಡಿನೇ ಅಲ್ಲೇನ್ರಿ? ತೊಳಕೊಂಡ್ರ ಒಳಗ ಬರ್ರಿ, ಇಲ್ಲಾಂದ್ರ ಗಾಜಿನ ಹೊರಗಿಂದ ನೋಡ್ರಿ. ಶಿವಕಾಂತನೂ ದಿನಾ ತೊಳಕೊಂಡೇ ಹೋಗ್ತಿದ್ದ."

ನಿಮ್ಮಪ್ಪ ಹಣೆ ಮುಟ್ಟಿ ನೋಡಿಕೊಂಡರು. ಬಸವ ಜಯಂತಿಯ ದಿನ "ಹಣಿ ಬರೇ ಇಟ್ಟುಕೊಂಡು ನನ್ನ ಮನಿಗಿ ಬರಬ್ಯಾಡ" ಎಂದು ನಿನ್ನನ್ನು ಗದರಿದವರು ಅವರೇ. ನೀನೂ ಅವರ ಮಗನೇ. ಕೆಲಸದಿಂದ ನೇರ ಬಂದೆ ಎಂದು ಒಂದು ಮಾತು ಹೇಳದೆ ಚೀಲ ಎತ್ತಿಕೊಂಡು ಹೋದೆ. ಒಳಗೆ ಹೋಗಬೇಕೆಂದು ನಾನೂ ನನ್ನ ಕುಂಕುಮ ಒರೆಸಲು ಸೆರಗು ಎತ್ತಿದೆ. "ನೀ ಒರೆಸಬ್ಯಾಡ, ಹೊರಗ ನಿಲ್ಲು" ಎಂದು ತಾವು ನಲ್ಲಿಯ ಹತ್ತಿರ ಹೋದರು. ನಾಗನಾಥನ ಗುಡಿಯಲ್ಲಿ ಹಚ್ಚಿಕೊಂಡಿದ್ದ ವಿಭೂತಿ ಪೂರ್ತಿ ತೊಳೆದರು. ಮದುವೆಯಾದಾಗಿನಿಂದ ಹಗಲು ಹೊತ್ತಿನಲ್ಲಿ ಅವರ ಬರೀ ಹಣೆ ನೋಡಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ. ಬಿಳಿ ನಿಲುವಂಗಿ ತೊಟ್ಟು ಒಳಗೆ ಹೋಗಿ, ನೀನು ಕೂರುತ್ತಿದ್ದ ಜಾಗದ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತಿದ್ದರು.

ನಿನ್ನಕ್ಕ ಲತಾ ನಿನ್ನನ್ನು ಕೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ನಾಗನಾಥ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅವ್ವ,
ಸುಶೀಲಾಬಾಯಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಪಕ್ಕಕ್ಕೆ ಬಂದು ನಿಂತಿದ್ದಾರೆ. ತಾವು ಹೇಳಿದ ಹಾಗೇ ಬರೆಯಬೇಕಂತೆ. "ಗಣಪತಿ ಹಬ್ಬಕ್ಕ ಬಾ ಅನ್ನು. ಹಣಿ ಹ್ಯಾಂಗರೆ ಇರ್ಲಿ. ನನಗ ಅವನ ಮಾರಿ ನೋಡಬೇಕಾಗ್ಯದ."